ಹಿಡಿದ ನಾಯಿಯೋ, ಓಡಿದ ನಾಯಿಯೋ?

ತೊಗರಿ ಕಟಾವು ಮುಗಿದು, ಜೋಳದ ಕಣಿಕೆ ಬಣವೆ ಸೇರಿದ ಮೇಲೆ ಬೀದರ್ ಜಿಲ್ಲೆಯ ಹೊಲಗಳು ಬಯಲಾಗುತ್ತವೆ. ಬೇಟೆ ನಾಯಿ ಸಾಕಿದವರ ಕಾಲು ಮನೆಯಲ್ಲಿ ನಿಲ್ಲದ ದಿನಗಳು ಅವು. ಎರಡು ನಾಯಿ ಇರುವ ಊರಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: ಯಾವ ನಾಯಿ ಮೇಲು? ಅದಕ್ಕೆ ನಮ್ಮ ಕಡೆ ಹಳೆಯ ಅಳತೆ ಒಂದೇ. "ಹಿಡೀತೇನು?" ಮೊಲ ಹಿಡಿದರೆ ಗೆದ್ದಿತು, ಬಿಟ್ಟು ಬಂದರೆ ಸೋತಿತು.

ಈಗ ಹಲವು ಊರುಗಳಲ್ಲಿ ಜಾತ್ರೆಗೆ, ಉತ್ಸವಕ್ಕೆ ನಾಯಿ ಪಂದ್ಯ ಇಡಬೇಕು ಎಂಬ ಮಾತು ಕೇಳುತ್ತದೆ. ಯಾವ ಪಂದ್ಯ ಎಂದು ಕೇಳಿದರೆ ಮಾತು ಕವಲಾಗುತ್ತದೆ. ಒಬ್ಬರು ಮೊಲದ ಹಿಂದೆ ಬಿಡೋಣ ಅನ್ನುತ್ತಾರೆ. ಇನ್ನೊಬ್ಬರು ರಸ್ತೆಯಲ್ಲಿ ನೇರ ಓಟ ಅನ್ನುತ್ತಾರೆ. ಮತ್ತೊಬ್ಬರು ನಾಯಿ ನಿಲ್ಲಿಸಿ ಮೈಕಟ್ಟು ನೋಡಿ ಬಹುಮಾನ ಕೊಡೋಣ ಅನ್ನುತ್ತಾರೆ. ಮೊಬೈಲಿನಲ್ಲಿ ಹೊರದೇಶದ ವಿಡಿಯೊ ನೋಡಿದ ಹುಡುಗರು ಹಗ್ಗಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಎಳೆಯುವ ಆಟದ ಮಾತು ತೆಗೆಯುತ್ತಾರೆ. ಎಲ್ಲವೂ ಒಂದೇ ಅಲ್ಲವೇ, ನಾಯಿ ಓಡಿದರೆ ಸಾಕು ಎಂದು ಅನಿಸಬಹುದು. ಒಂದೇ ಅಲ್ಲ. ಪಂದ್ಯ ಯಾವುದು ಎಂಬುದರ ಮೇಲೆ ಮುಂದಿನ ಹತ್ತು ವರ್ಷದಲ್ಲಿ ನಿಮ್ಮ ಊರಲ್ಲಿ ಎಂಥ ನಾಯಿ ಉಳಿಯುತ್ತದೆ ಎಂಬುದು ನಿಂತಿದೆ. ಈ ಮಾತು ಊಹೆಯಲ್ಲ, ಇದಕ್ಕೆ ಚರಿತ್ರೆ ಇದೆ. ಅದರ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ.

ಕಲ್ಯಾಣದ ದೊರೆಯ ಪಟ್ಟಿ

ಇಂದಿನ ಬಸವಕಲ್ಯಾಣ ಆಗ ಕಲ್ಯಾಣಿ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1126ರಲ್ಲಿ ಪಟ್ಟಕ್ಕೆ ಬಂದ. ಅವನ ಹೆಸರಲ್ಲಿರುವ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಎಲ್ಲವೂ ಇದೆ. ಇಡ್ಲಿ, ವಡೆಯ ಚರಿತ್ರೆ ಹೇಳುವಾಗ ಈ ಪುಸ್ತಕದ ಹೆಸರು ಬರುವುದನ್ನು ನೀವು ಕೇಳಿರಬಹುದು. ಅದರಲ್ಲಿ ದೊರೆಯ ಇಪ್ಪತ್ತು ವಿನೋದಗಳನ್ನು ಹೇಳುವ ಒಂದು ಭಾಗವಿದೆ. ಆನೆ, ಕುದುರೆ, ಕುಸ್ತಿ, ಕೋಳಿ ಕಾಳಗ, ಟಗರಿನ ಕಾಳಗ, ಪಾರಿವಾಳ, ಗಿಡುಗ, ಮೀನು ಹಿಡಿಯುವುದು, ಸಂಗೀತ, ನೃತ್ಯ, ಕಥೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಆ ಪಟ್ಟಿಯಲ್ಲಿ 'ಸಾರಮೇಯ ವಿನೋದ' ಎಂಬುದೂ ಒಂದು. ಸಾರಮೇಯ ಎಂದರೆ ನಾಯಿ.

ನಾವು ಇಲ್ಲಿ ಒಂದು ಸಂಗತಿಯ ಮೇಲೆ ಬೆರಳಿಡಬೇಕು. ಅದೇ ಪಟ್ಟಿಯಲ್ಲಿ 'ಮೃಗಯಾ ವಿನೋದ', ಅಂದರೆ ಬೇಟೆ, ಬೇರೆಯಾಗಿ ಇದೆ. ನಾಯಿಯನ್ನು ಓಡಿಸಿ ನೋಡುವ ಸಂತೋಷ ಒಂದು, ಕಾಡಿಗೆ ಹೋಗಿ ಪ್ರಾಣಿ ಹೊಡೆಯುವುದು ಇನ್ನೊಂದು ಎಂದು ಸುಮಾರು ಒಂಬತ್ತು ನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕೂತವರು ಎರಡು ಅಧ್ಯಾಯ ಮಾಡಿಟ್ಟಿದ್ದರು. ಹಾಗೆಂದು ಆ ಕಾಲದ ವಿನೋದಗಳು ಸಾಧುವಾಗಿದ್ದವು ಎಂದೇನೂ ಅಲ್ಲ. ಕೋಣಕ್ಕೆ ಕೋಣ, ಟಗರಿಗೆ ಟಗರು ಬಿಟ್ಟು ರಕ್ತ ನೋಡುವುದೂ ಅದೇ ಪಟ್ಟಿಯಲ್ಲಿದೆ. ನಮ್ಮವರದ್ದೆಂದು ಎಲ್ಲಕ್ಕೂ ಹೆಮ್ಮೆ ಪಡಬೇಕಾಗಿಲ್ಲ. ಆದರೆ ನಾಯಿಯ ಪರೀಕ್ಷೆ ಬೇರೆ, ಬೇಟೆ ಬೇರೆ ಎಂಬ ಆ ಗೆರೆ ಇವತ್ತಿಗೂ ಬೇಕಾದದ್ದು.

ಕಾಳಿ ಎಂಬ ನಾಯಿ

ಆ ಗೆರೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ಕಲ್ಲು ಸಾಕ್ಷಿ ಹೇಳುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅದು. ಕಾಲ ಕ್ರಿ.ಶ. 949-50. ಊರು ದೂರದ್ದಾದರೂ ಆಗ ಆಳುತ್ತಿದ್ದ ರಾಷ್ಟ್ರಕೂಟ ಮೂರನೇ ಕೃಷ್ಣನ ರಾಜಧಾನಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ. ತಕ್ಕೋಲದಲ್ಲಿ ಚೋಳರ ವಿರುದ್ಧ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಮೆರೆದ. ಮೆಚ್ಚಿದ್ದೇನೆ, ಬೇಕಾದದ್ದು ಕೇಳು ಎಂದು ಒಡೆಯ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು.

ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವ ಊಟ ಮಾಡಬಾರದು ಎಂಬ ಕಟ್ಟಳೆಯನ್ನೂ ಹಾಕಿದರು. ನಾಯಿ ಹಂದಿಗಳ ಕಾದಾಟ ಆ ಕಲ್ಲಿನ ಮೇಲೆ ಕೆತ್ತಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದರೆ ನೋಡಿ ಬನ್ನಿ.

ಈ ಶಾಸನವನ್ನು ಸಾಮಾನ್ಯವಾಗಿ ಕನ್ನಡಿಗರ ಪ್ರಾಣಿಪ್ರೀತಿಯ ಗುರುತು ಎಂದು ಹೇಳುತ್ತಾರೆ. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಹಂದಿಯ ಕೋರೆಗೆ ಸಿಕ್ಕಿ ಸತ್ತಿತು ಎಂಬುದೂ ಅಷ್ಟೇ ನಿಜ. ಕಾಳಿಗೆ ಒಂದು ಕಲ್ಲು ಸಿಕ್ಕಿತು. ಹಾಗೆ ಹೊಟ್ಟೆ ಸೀಳಿಸಿಕೊಂಡು ಸತ್ತ ಉಳಿದ ನಾಯಿಗಳಿಗೆ ಅದೂ ಸಿಗಲಿಲ್ಲ.

ತಾಂಡಾದ ನಾಯಿ, ಸಂಸ್ಥಾನದ ನಾಯಿ

ಬೀದರ್ ಸೀಮೆಗೂ ನಾಯಿಗೂ ಇರುವ ನಂಟು ಅರಮನೆಗೆ ಮುಗಿಯುವುದಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವ ಮನೆಗಳು ಇಲ್ಲಿ ಎಷ್ಟೋ. ಮೈಲಾರ ದೇವರ ಮೂರ್ತಿಗಳಲ್ಲಿ ಕುದುರೆಯ ಜೊತೆ ನಾಯಿ ಇರುತ್ತದೆ. ಆ ದೇವರ ಸೇವೆಗೆ ನಿಂತ ವಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ಪದ್ಧತಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದೆ. ಬೇಟೆಗೆ ಹೊರಟ ದೇವರಿಗೆ ನಾಯಿ ಜೊತೆಗಾರ.

ಔರಾದ್, ಭಾಲ್ಕಿ ಕಡೆಯ ತಾಂಡಾಗಳ ಚರಿತ್ರೆಯಲ್ಲೂ ನಾಯಿ ಇದೆ. ಲಂಬಾಣಿಗಳು ಎತ್ತಿನ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖನ್ನಿನ ಉದ್ದಗಲ ತಿರುಗುತ್ತಿದ್ದ ಕಾಲದಲ್ಲಿ ಹಿಂಡು ಕಾಯಲು, ದಾರಿಯಲ್ಲಿ ಬೇಟೆಯಾಡಲು ಎತ್ತರದ ನಾಯಿಗಳನ್ನು ಇಟ್ಟುಕೊಂಡಿದ್ದರು. 19ನೇ ಶತಮಾನದ ಇಂಗ್ಲಿಷ್ ಬರಹಗಾರರು ಅವನ್ನು 'ಬ್ರಿಂಜಾರಿ ನಾಯಿ' ಎಂದು ಕರೆದು ಪರ್ಷಿಯಾದ ಬೇಟೆ ನಾಯಿಗೆ ಹೋಲಿಸಿದ್ದಾರೆ. ಬಂಜಾರ ಎಂಬುದು ಅವರ ಬಾಯಲ್ಲಿ ಬ್ರಿಂಜಾರಿ ಆಯಿತು. ರೈಲು ಬಂದ ಮೇಲೆ ಎತ್ತಿನ ಹೇರು ನಿಂತಿತು, ತಾಂಡಾ ಒಂದು ಕಡೆ ನೆಲೆ ನಿಂತಿತು. ನಾಯಿ ಮಾತ್ರ ಉಳಿಯಿತು.

ಇದೇ ಬಗೆಯ ನಾಯಿಗೆ ಮಹಾರಾಷ್ಟ್ರದ ಕಡೆ 'ಕಾರವಾನಿ' ಎನ್ನುತ್ತಾರೆ. ಕಿವಿ, ಬಾಲಕ್ಕೆ ಉದ್ದ ಕೂದಲಿದ್ದರೆ 'ಪಶ್ಮಿ'. ನಮ್ಮಲ್ಲಿ ಹೆಸರಾದದ್ದು 'ಮುಧೋಳ'. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಆರಿಸಿ ಸಾಕಿಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. ಅಲ್ಲಿಂದ ಊರಿನ ಹೆಸರೇ ನಾಯಿಯ ಹೆಸರಾಯಿತು. ಇವತ್ತಿಗೂ ದೇಶದ ಒಂದು ಕೆನೆಲ್ ಸಂಸ್ಥೆ 'ಕಾರವಾನ್ ಹೌಂಡ್' ಎಂದು ದಾಖಲೆ ಬರೆದರೆ ಇನ್ನೊಂದು 'ಮುಧೋಳ ಹೌಂಡ್' ಎಂದು ಬರೆಯುತ್ತದೆ. ಹೆಸರಿನ ಜಗಳ ನಾಯಿಗೆ ಗೊತ್ತಿಲ್ಲ, ಬಿಡಿ.

ಈ ನಾಯಿ ಮೂಸಿಕೊಂಡು ಹೋಗುವ ಜಾತಿಯಲ್ಲ, ಕಣ್ಣಿಂದ ಕಂಡು ಓಡುವ ಜಾತಿ. ಉದ್ದ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ, ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ. ಬಯಲಲ್ಲಿ ಚಲಿಸುವುದನ್ನು ದೂರದಿಂದ ಗುರುತಿಸಿ, ಬೆನ್ನಟ್ಟಿ, ಅದು ತಿರುಗಿದಾಗ ತಾನೂ ತಿರುಗುವುದು ಅದರ ಹುಟ್ಟುಗುಣ. ತಾಂಡಾದ ನಾಯಿಗೆ ಬೇರೆ ಪಂದ್ಯ ಬೇಕಿರಲಿಲ್ಲ, ದಿನದ ಕೆಲಸವೇ ಪಂದ್ಯ. ಬಿಸಿಲಲ್ಲಿ ಹಿಂಡಿನ ಜೊತೆ ನಡೆಯಲಾರದ ನಾಯಿ, ಮೊದಲ ತಿರುವಿಗೇ ಮುಗ್ಗರಿಸುವ ನಾಯಿ ತಾನಾಗಿ ಹಿಂದೆ ಬೀಳುತ್ತಿತ್ತು. ಅಂಥದ್ದರ ಮರಿಗೆ ಯಾರೂ ಕೈ ಚಾಚುತ್ತಿರಲಿಲ್ಲ. ಆ ಕೆಲಸ ನಿಂತ ಮೇಲೆ ಒಳ್ಳೆಯ ನಾಯಿ ಯಾವುದು ಎಂದು ಹೇಳಲು ಪಂದ್ಯ ಬೇಕಾಯಿತು. ಎಂಥ ಪಂದ್ಯ ಎಂಬ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿತು.

ಬೇರೆ ದೇಶದವರು ಹೇಗೆ ಆರಿಸಿಕೊಂಡರು

ಈ ಪ್ರಶ್ನೆಯನ್ನು ನಮಗಿಂತ ಮೊದಲು ಬೇರೆಯವರೂ ಎದುರಿಸಿದ್ದಾರೆ. ಅಲೆಕ್ಸಾಂಡರನ ಚರಿತ್ರೆ ಬರೆದ ಆರಿಯನ್ ಎಂಬ ಗ್ರೀಕ್ ಲೇಖಕ ಎರಡನೇ ಶತಮಾನದಲ್ಲಿ ನಾಯಿ ಬೇಟೆಯ ಬಗ್ಗೆಯೂ ಒಂದು ಪುಸ್ತಕ ಬರೆದ. ನಿಜವಾದ ನಾಯಿಗಾರ ಮೊಲ ಹಿಡಿಯಲೆಂದು ನಾಯಿ ಬಿಡುವುದಿಲ್ಲ, ಓಟದ ಪೈಪೋಟಿ ನೋಡಲೆಂದು ಬಿಡುತ್ತಾನೆ, ಮೊಲ ತಪ್ಪಿಸಿಕೊಂಡರೆ ಅವನಿಗೆ ಸಂತೋಷವೇ ಎಂಬ ಅರ್ಥದ ಮಾತು ಅದರಲ್ಲಿದೆ. ಒಂದು ಮೊಲದ ಹಿಂದೆ ಎರಡಕ್ಕಿಂತ ಹೆಚ್ಚು ನಾಯಿ ಬಿಡಬಾರದು ಎಂದೂ ಅವನು ಹೇಳುತ್ತಾನೆ. ನಮ್ಮ ಕಡೆ ಐದಾರು ನಾಯಿ ಒಟ್ಟಿಗೆ ಬಿಟ್ಟು, ಹಿಡಿದ ಮೇಲೆ "ನಮ್ಮದೇ ಹಿಡೀತು" ಎಂದು ಜಗಳಕ್ಕೆ ನಿಲ್ಲುವವರಿಗೆ ಈ ಮಾತು ಓದಿ ಹೇಳಬೇಕು ಅನಿಸುತ್ತದೆ.

ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಕಾಲಕ್ಕೆ ನಾರ್ಫೋಕ್‌ನ ಡ್ಯೂಕ್ ಹೆಸರಿನ ನಿಯಮಗಳು ಬಂದವು. ಮೊಲಕ್ಕೆ 240 ಗಜ ಮುಂದೆ ಓಡಲು ಬಿಟ್ಟು ಆಮೇಲೆ ಎರಡೇ ನಾಯಿ ಬಿಡಬೇಕು. ಅಂಕ ಕೊಡುವುದು ಮುಖ್ಯವಾಗಿ ಓಟಕ್ಕೆ: ಯಾವ ನಾಯಿ ಮುಂದಾಯಿತು, ಯಾವುದು ಮೊಲವನ್ನು ಎಷ್ಟು ಸಲ ತಿರುಗಿಸಿತು ಎಂಬುದಕ್ಕೆ. ಮುಂದೆ ಬೆಳೆದ ಪದ್ಧತಿಯಲ್ಲಿ ಮೊಲ ಕೊಂದದ್ದಕ್ಕೆ ಕೆಲವೊಮ್ಮೆ ಒಂದು ಅಂಕವೂ ಇರಲಿಲ್ಲ, ಏಕೆಂದರೆ ಒಂದು ನಾಯಿ ತಿರುಗಿಸಿ ದಣಿಸಿದ ಮೊಲ ಇನ್ನೊಂದರ ಬಾಯಿಗೆ ಸುಮ್ಮನೆ ಬಂದು ಬೀಳಬಹುದು. ಅಂದರೆ ಹಿಡಿದ ನಾಯಿ ಸೋತು, ಹಿಡಿಯದ ನಾಯಿ ಗೆಲ್ಲುವುದು ಸಾಧ್ಯವಿತ್ತು. "ಹಿಡೀತೇನು" ಎಂಬ ನಮ್ಮ ಅಳತೆ ಎಷ್ಟು ಒರಟು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಆದರೂ ಮೊಲ ಸಾಯುತ್ತಿತ್ತು. 1836ರಲ್ಲಿ ಲಿವರ್‌ಪೂಲ್ ಹತ್ತಿರ ಶುರುವಾದ ವಾಟರ್ಲೂ ಕಪ್ ಎಂಬ ಹೆಸರಾಂತ ಪಂದ್ಯ 2005ರ ಫೆಬ್ರುವರಿಯಲ್ಲಿ ಕೊನೆಯ ಸಲ ನಡೆಯಿತು. ಅದೇ ತಿಂಗಳು ಅಲ್ಲಿ ನಾಯಿ ಬಿಟ್ಟು ಬೇಟೆಯಾಡುವುದನ್ನು ನಿಷೇಧಿಸುವ ಕಾನೂನು ಜಾರಿಗೆ ಬಂತು. ಐರ್ಲೆಂಡಿನವರು ಪಂದ್ಯ ಬಿಡಲಿಲ್ಲ, 1993ರಿಂದ ನಾಯಿಯ ಬಾಯಿಗೆ ಕುಕ್ಕೆ ಹಾಕಿ ಓಡಿಸುತ್ತಾರೆ.

ಬಂದೂಕಿನವರ ನಾಯಿಗಳಿಗೆ ಬೇರೆಯೇ ಪಂದ್ಯ ಹುಟ್ಟಿತು. 1865ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸೌತ್‌ಹಿಲ್‌ನಲ್ಲಿ ನಡೆದದ್ದು ಮೊದಲನೆಯದು ಎಂದು ಲೆಕ್ಕ. ಗಾಳಿಯಲ್ಲಿ ವಾಸನೆ ಹಿಡಿದು, ಹಕ್ಕಿ ಅಡಗಿದ ಕಡೆ ಮೂತಿ ಮಾಡಿ ಅಲ್ಲಾಡದೆ ನಿಲ್ಲುವ ನಾಯಿಯ ಪರೀಕ್ಷೆ ಅದು. ಪಾಯಿಂಟರ್, ಸೆಟರ್ ಸಾಕಿದವರಿಗೆ ಸರಿ. ನಮ್ಮ ಕಾರವಾನಿಯನ್ನು ಆ ಪಂದ್ಯಕ್ಕೆ ಇಳಿಸುವುದು ಓಟಗಾರನನ್ನು ಭಜನೆಗೆ ಕೂರಿಸಿದ ಹಾಗೆ. ಅದನ್ನು ಇಲ್ಲಿಗೇ ಬಿಡೋಣ.

ಆಮೇಲೆ ಬಂದದ್ದು ಟ್ರ್ಯಾಕ್. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬಾತ ಯಂತ್ರದ ಮೊಲ ಮಾಡಿ, 1919ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಅದರ ಹಿಂದೆ ಗ್ರೇಹೌಂಡ್ ಓಡಿಸಿದ. 1926ರ ಜುಲೈ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೂ ಅದು ಬಂತು. ಜೀವಂತ ಮೊಲ ಸಾಯುವುದು ತಪ್ಪಿತು ಎಂಬುದು ಒಳ್ಳೆಯದೇ. ಆದರೆ ಟ್ರ್ಯಾಕಿನಲ್ಲಿ ಗೆಲ್ಲಲು ಬೇಕಾದದ್ದು ವೇಗ ಒಂದೇ. ಅರ್ಧ ನಿಮಿಷದಲ್ಲಿ ಓಟ ಮುಗಿಯುತ್ತದೆ, ಹಣ ಕಟ್ಟುವವರು ಕಾಯುತ್ತಿರುತ್ತಾರೆ. ಆ ಅರ್ಧ ನಿಮಿಷಕ್ಕೆಂದೇ ನಾಯಿಯನ್ನು ಆರಿಸುತ್ತ ಹೋದರು. ಬಿಸಿಲು ತಡೆಯುವ ಗುಣ, ದಣಿದ ಮೇಲೂ ಓಡುವ ಗುಣ, ತಾನೇ ಯೋಚಿಸಿ ತಿರುಗುವ ಗುಣ ಯಾರ ಲೆಕ್ಕಕ್ಕೂ ಬರಲಿಲ್ಲ. ಓಡದ ನಾಯಿಯ ಗತಿ ಏನು ಎಂಬ ಪ್ರಶ್ನೆ ಆ ದೇಶಗಳಲ್ಲಿ ಇನ್ನೂ ಮುಗಿದಿಲ್ಲ.

ನೇರ ಓಟದ ಅಪಾಯ

ನಮ್ಮ ಊರಲ್ಲಿ ಸುಲಭವಾಗಿ ಇಡಬಹುದಾದ ಪಂದ್ಯ ನೇರ ಓಟವೇ. ಎರಡು ಗೆರೆ ಎಳೆದರೆ ಮುಗಿಯಿತು. ಯಾವುದು ಮೊದಲು ಬಂತು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಪಂಚರ ಜೊತೆ ಜಗಳವಿಲ್ಲ. ಈ ಅನುಕೂಲವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಮುಂದಿನದ್ದನ್ನು ಯೋಚಿಸಿ. ನೇರ ಓಟದಲ್ಲಿ ಪ್ರಪಂಚದ ಯಾವ ನಾಯಿಗೂ ಗ್ರೇಹೌಂಡ್ ಸೋಲುವುದು ಕಷ್ಟ. ಪಂಜಾಬಿನಲ್ಲಿ ಗ್ರೇಹೌಂಡ್ ಓಟಗಳು ಈಗಾಗಲೇ ನಡೆಯುತ್ತವೆ. ಬಹುಮಾನ ದೊಡ್ಡದಾದ ದಿನ ಇಲ್ಲಿಯವರೂ ಗ್ರೇಹೌಂಡ್ ತರುತ್ತಾರೆ, ತರಲಾಗದವರು ಅದರ ಜೊತೆ ಮಿಶ್ರತಳಿ ಮಾಡಿಸುತ್ತಾರೆ. ನಾಲ್ಕು ಪೀಳಿಗೆ ಕಳೆದ ಮೇಲೆ ತಾಂಡಾದ ನಾಯಿ ಹುಡುಕಿದರೆ ಎಲ್ಲಿ ಸಿಗಬೇಕು?

ದನದಲ್ಲಿ ನಾವು ಇದನ್ನು ಕಂಡಿದ್ದೇವೆ. ಹಾಲು ಒಂದೇ ಅಳತೆ ಆದ ಮೇಲೆ ಎಷ್ಟು ಕೊಟ್ಟಿಗೆಗಳಲ್ಲಿ ದೇವಣಿ ಹೋಗಿ ಮಿಶ್ರತಳಿ ಬಂತು ಎಂಬುದನ್ನು ನಿಮ್ಮ ಓಣಿಯಲ್ಲೇ ಎಣಿಸಬಹುದು. ದೇವಣಿಗೆ ಔರಾದ್ ಅಮರೇಶ್ವರ ಜಾತ್ರೆಯ ದನದ ಸಂತೆಯಂಥ ಜಾಗವಾದರೂ ಇದೆ. ಅಲ್ಲಿ ನಡಿಗೆ, ಗೊರಸು, ಕೊಂಬು, ಬಣ್ಣ ನೋಡಿ ಬೆಲೆ ಕಟ್ಟುವ ಹಿರಿಯರು ಇದ್ದಾರೆ. ನಾಯಿಗೆ ಅಂಥ ಜಾಗ ಇಲ್ಲ.

ಹಾಗಾದರೆ ನಾಯಿ ಪ್ರದರ್ಶನ ಇಟ್ಟರೆ? ಕಾಲು, ಕಿವಿ, ಬಾಲ ನೋಡಿ ಬಹುಮಾನ ಕೊಡುವ ಪದ್ಧತಿಯಿಂದ ತಳಿಯ ರೂಪ ಉಳಿಯುತ್ತದೆ. ಮಾಡಲಿ. ಆದರೆ ನಿಂತ ನಾಯಿ ಎಲ್ಲವೂ ಚೆಂದವೇ. ಓಡದ, ಉಸಿರು ಹಿಡಿಯದ, ತಿರುಗಲಾರದ ನಾಯಿಯೂ ಹಗ್ಗ ಹಿಡಿದು ನಿಲ್ಲಿಸಿದಾಗ ಪದಕ ಗೆಲ್ಲಬಹುದು. ಬೆಳಿಗ್ಗೆ ಮೈಕಟ್ಟು ನೋಡಿ ಸಂಜೆ ಓಡಿಸುವುದಾದರೆ ನಮ್ಮ ತಕರಾರಿಲ್ಲ. ಪ್ರದರ್ಶನ ಒಂದೇ ಸಾಕು ಅನ್ನುವುದಕ್ಕೆ ತಕರಾರಿದೆ.

ಕಾನೂನು ಏನು ಹೇಳುತ್ತದೆ

ಮೊಲದ ಹಿಂದೆ ಬಿಡುವ ಮಾತಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆ ಪೂರ್ತಿ ನಿಂತಿತು. ಕಾಡುಮೊಲ ಆ ಪಟ್ಟಿಯಲ್ಲಿದೆ. 2022ರಲ್ಲಿ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಮೊಲ ಎರಡನೇ ಅನುಸೂಚಿಗೆ ಏರಿತು. ಚಿಗರಿ, ಅಂದರೆ ಕೃಷ್ಣಮೃಗ, ಒಂದನೇ ಅನುಸೂಚಿಯಲ್ಲಿದೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಚಿಗರಿ ಹಿಂಡು ಕಾಣುವುದು ಹೊಸದಲ್ಲ. ಮೊಲಕ್ಕೆಂದು ಬಿಟ್ಟ ನಾಯಿ ಚಿಗರಿ ಮರಿಯ ಹಿಂದೆ ಹೋದರೆ ಕರೆದು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ. ಮುಂದಿನದ್ದು ಜೈಲಿನ ಮಾತು.

ಕೆಲವರು ಐರ್ಲೆಂಡಿನವರ ಹಾಗೆ ಉಪಾಯ ಹೇಳುತ್ತಾರೆ: ಬಾಯಿಗೆ ಕುಕ್ಕೆ ಕಟ್ಟಿ ಬಿಡೋಣ, ಮೊಲ ಸಾಯುವುದಿಲ್ಲವಲ್ಲ. ನಮ್ಮ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥ ಕೊಲ್ಲುವುದಕ್ಕೆ ಮುಗಿಯುವುದಿಲ್ಲ. ಕಾಡುಪ್ರಾಣಿಯನ್ನು ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಬಲೆಗೆ ಬೀಳಿಸುವುದು, ಅಟ್ಟುವುದು, ಅದಕ್ಕೆ ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. ಕುಕ್ಕೆ ಕಟ್ಟಿದರೂ ಅಪರಾಧ ಅಪರಾಧವೇ.

ಸಂತೆಯಿಂದ ಸಾಕಿದ ಬಿಳಿ ಮೊಲ ತಂದು ಬಿಟ್ಟರೆ? ಅದಕ್ಕೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಅಡ್ಡ ಬರುತ್ತದೆ. ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದರ ಬೇಟೆಯಾಗಿ ಒಡ್ಡುವುದು, ಒಂದನ್ನು ಇನ್ನೊಂದರ ಮೇಲೆ ಛೂ ಬಿಡುವುದು ಅಲ್ಲಿ ಅಪರಾಧ. ಅಲ್ಲದೆ ಆ ಬಿಳಿ ಮೊಲಕ್ಕೆ ಓಡುವುದೂ ಸರಿಯಾಗಿ ಗೊತ್ತಿಲ್ಲ, ನಾಯಿಯ ಪರೀಕ್ಷೆಯೂ ಆಗುವುದಿಲ್ಲ. ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ರಿಯಾಯಿತಿ ಸಿಕ್ಕಿದೆಯಲ್ಲ ಎಂಬ ಮಾತೂ ಬರುತ್ತದೆ. ಕರ್ನಾಟಕದ ಆ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು ನಿಜ. ಅದು ಕೋಣ, ಎತ್ತು, ಹೋರಿಗಳ ಮಾತು. ಅದರಲ್ಲಿ ನಾಯಿಯೂ ಇಲ್ಲ, ಮೊಲವೂ ಇಲ್ಲ.

ಕಾನೂನು ಬದಿಗಿಟ್ಟರೂ ಒಂದು ಲೆಕ್ಕ ಉಳಿಯುತ್ತದೆ. ಮೊಲ ಹಿಡಿದ ವಿಡಿಯೊ ಗುಂಪಿಗೆ ಹಾಕುವ ಹುಡುಗ ತಾನೇ ಸಾಕ್ಷಿ ಬರೆದುಕೊಟ್ಟ ಹಾಗೆ. ಒಂದು ಮಧ್ಯಾಹ್ನದ ಹುಮ್ಮಸ್ಸಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ನೌಕರಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹೆಸರಿನ ಮುಂದೆ ಕೇಸು ಅಂಟಿಕೊಳ್ಳುತ್ತದೆ.

ಹುಸಿ ಮೊಲದ ಓಟ

ಇನ್ನು ಉಳಿದದ್ದು ಹುಡುಗರು ವಿಡಿಯೊದಲ್ಲಿ ನೋಡಿದ ಆಟ. 1972ರಲ್ಲಿ ಅಮೆರಿಕದಲ್ಲಿ ಕಣ್ಣೋಟದ ಬೇಟೆ ನಾಯಿ ಸಾಕಿದವರು ಒಂದು ಸಂಘ ಕಟ್ಟಿದರು. ಬಯಲಿನಲ್ಲಿ ಜೀವಂತ ಮೊಲದ ಹಿಂದೆ ಬಿಟ್ಟರೆ ಮುಳ್ಳುತಂತಿ ಬೇಲಿಗೆ ಸಿಕ್ಕಿ ನಾಯಿಗಳೇ ಗಾಯಗೊಳ್ಳುತ್ತವೆ ಎಂಬ ಚಿಂತೆ ಅದರ ಹಿಂದೆ ಇತ್ತು. ಲೈಲ್ ಜಿಲೆಟ್ ಎಂಬ ಕ್ಯಾಲಿಫೋರ್ನಿಯಾದವರು ಇದಕ್ಕೆ ಮುಂದಾದರು.

ಮಾಡುವ ಬಗೆ ಹೀಗೆ. ಹೊಲದಲ್ಲಿ ಅಲ್ಲಲ್ಲಿ ನೆಲಕ್ಕೆ ಹತ್ತಿ ರಾಟಿಗಳನ್ನು ಗೂಟಕ್ಕೆ ಬಿಗಿಯುತ್ತಾರೆ. ಅವುಗಳ ಸುತ್ತ ಉದ್ದನೆಯ ದಾರ ಹಾಯಿಸಿ, ದಾರಕ್ಕೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಕಾರಿನ ಸ್ಟಾರ್ಟರ್ ಮೋಟಾರಿಗೆ ಚಕ್ರ ಕೂರಿಸಿ, ಬ್ಯಾಟರಿಯಿಂದ ದಾರ ಎಳೆಯುತ್ತಾರೆ. ಪ್ರತಿ ರಾಟಿಯ ಹತ್ತಿರ ಚೀಲ ಸರಕ್ಕನೆ ದಿಕ್ಕು ಬದಲಿಸುತ್ತದೆ, ಥೇಟ್ ಮೊಲದ ಹಾಗೆ. ಗುಂಡಿ ಹಿಡಿದವನು ನಾಯಿಯ ಮೇಲೆ ಕಣ್ಣಿಟ್ಟು ಚೀಲವನ್ನು ಅದಕ್ಕಿಂತ ಸ್ವಲ್ಪ ಮುಂದೆಯೇ ಓಡಿಸುತ್ತಿರಬೇಕು. ಇದು ಅಭ್ಯಾಸದಿಂದ ಬರುವ ಕೆಲಸ. ನಮ್ಮ ಊರಿನ ಮೋಟಾರ್ ರಿವೈಂಡಿಂಗ್ ಮಾಡುವವರಿಗೆ ಯಂತ್ರ ಕಟ್ಟುವುದು ದೊಡ್ಡ ಮಾತಲ್ಲ ಎಂಬುದು ನಮ್ಮ ನಂಬಿಕೆ.

ಓಟದ ಉದ್ದ ಸಾಮಾನ್ಯವಾಗಿ 500ರಿಂದ 1000 ಮೀಟರ್. ನಾಯಿಗಳು ಎರಡು ಅಥವಾ ಮೂರರ ತಂಡದಲ್ಲಿ, ಬೇರೆ ಬೇರೆ ಬಣ್ಣದ ಬಟ್ಟೆ ತೊಟ್ಟು ಓಡುತ್ತವೆ. ಅಮೆರಿಕದ ಆ ಸಂಘದ ಅಂಕದ ಲೆಕ್ಕ ನೋಡಿ: ವೇಗಕ್ಕೆ 25, ಚುರುಕಾಗಿ ತಿರುಗುವುದಕ್ಕೆ 25, ದಮ್ಮಿಗೆ 20, ಗುರಿ ಬಿಡದೆ ಹಿಂಬಾಲಿಸುವುದಕ್ಕೆ 15, ಹುಮ್ಮಸ್ಸಿಗೆ 15. ಒಟ್ಟು 100. ಯುರೋಪಿನ ಕಡೆ ಐದು ಗುಣಕ್ಕೆ ತಲಾ 20 ಕೊಟ್ಟು, ಅದರಲ್ಲಿ ಬುದ್ಧಿಯನ್ನೂ ಸೇರಿಸುತ್ತಾರೆ. ಎಲ್ಲಿ ನೋಡಿದರೂ ವೇಗಕ್ಕೆ ಸಿಗುವುದು ನೂರರಲ್ಲಿ ಕಾಲು ಭಾಗ ಅಥವಾ ಇನ್ನೂ ಕಡಿಮೆ. ಮಿಕ್ಕಿದ್ದೆಲ್ಲ ತಾಂಡಾದ ನಾಯಿ ದಿನದ ಕೆಲಸದಲ್ಲಿ ತೋರಿಸುತ್ತಿದ್ದ ಗುಣಗಳೇ. ಆದ್ದರಿಂದ ಈ ಓಟದಲ್ಲಿ ಗ್ರೇಹೌಂಡ್ ರಕ್ತಕ್ಕೆ ತಾನಾಗಿ ಗೆಲುವಿಲ್ಲ, ಒಣಕಲು ಮೈಯ ನಮ್ಮ ನಾಯಿಗೂ ಜಾಗವಿದೆ. ನಮ್ಮ ಆಯ್ಕೆ ಇದೇ.

ಇದನ್ನು ಹೇಳಲು ಬೀದರಿಗೆ ಇನ್ನೊಂದು ಹಕ್ಕೂ ಇದೆ. 2004ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಬೀದರಿನ ನಂದಿನಗರದಲ್ಲಿ. ಮುಧೋಳ ತಾಲ್ಲೂಕು ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೇ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಚೀಟಿ ಹೊರತಂದಾಗ ಮುಧೋಳ ಅದರಲ್ಲಿತ್ತು. 2016ರಲ್ಲಿ ಸೇನೆಯವರು ಮೀರತ್‌ನಲ್ಲಿ ತರಬೇತಿ ಕೊಟ್ಟು ನೋಡಲು ಇದರ ಮರಿಗಳನ್ನು ಒಯ್ದರು. ಹೆಸರು ಬಂದ ಹಾಗೆ ಮರಿಯ ಬೆಲೆಯೂ ಏರಿತು. ಬೆಲೆ ಏರಿದ ಕಡೆ ಕಲಬೆರಕೆಯೂ ಬರುತ್ತದೆ. ಮರಿ ನೋಡಿ ತಳಿ ಹೇಳುವುದು ಕಷ್ಟ. ತಾಯಿ ತಂದೆ ಎಲ್ಲಿ, ಹೇಗೆ ಓಡಿದವು ಎಂಬ ಲೆಕ್ಕ ಊರಲ್ಲೇ ಇದ್ದರೆ ಕೊಳ್ಳುವವರಿಗೆ ಒಂದು ಆಧಾರ ಸಿಗುತ್ತದೆ.

ಪಂದ್ಯ ಇಡುವವರಿಗೆ ನೆಲದ ಬಗ್ಗೆ ಒಂದು ಮಾತು. ಎರೆ ಹೊಲ ಬೇಸಿಗೆಗೆ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಓಡುವ ನಾಯಿಯ ಕಾಲು ಸಿಕ್ಕಿದರೆ ಮೂಳೆ ಮುರಿದಂತೆಯೇ. ಕೆಂಪು ನೆಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಚೂರು ಪಾದ ಕೊಯ್ಯುತ್ತದೆ. ಹುಲ್ಲು ಹಾಸಿದ ಗೋಮಾಳ ಅಥವಾ ಕಲ್ಲು ಆಯ್ದು ಹಸನು ಮಾಡಿದ ಮೆತ್ತನೆ ಹೊಲ ಬೇಕು. ತೊಗರಿ ಕೂಳೆ ಉಳಿದ ಹೊಲ ಬೇಡವೇ ಬೇಡ, ಕೂಳೆ ಎದೆಗೆ ಚುಚ್ಚುತ್ತದೆ. ಓಟ ಬೆಳಗಿನ ಒಂಬತ್ತರೊಳಗೆ ಮುಗಿಯಲಿ. ವರ್ಷ ತುಂಬದ ನಾಯಿಯನ್ನು ಇಳಿಸಬೇಡಿ, ಬೆದೆಗೆ ಬಂದ ಹೆಣ್ಣು ನಾಯಿಯನ್ನು ಕಣದ ಹತ್ತಿರವೂ ತರಬೇಡಿ. ಪಶುವೈದ್ಯರು ಕಣದಲ್ಲೇ ಇರಲಿ, ಹುಚ್ಚುನಾಯಿ ರೋಗದ ಲಸಿಕೆ ಚೀಟಿ ನೋಡಿಯೇ ಹೆಸರು ಬರೆದುಕೊಳ್ಳಲಿ. ತಾಲ್ಲೂಕು ಆಡಳಿತಕ್ಕೂ ಪಶು ಇಲಾಖೆಗೂ ಮೊದಲೇ ತಿಳಿಸಿ ಅನುಮತಿ ಕೇಳಿ. ಹಣ ಕಟ್ಟುವ ಆಟಕ್ಕೆ ಬಿಡಬೇಡಿ. ಟ್ರ್ಯಾಕಿನವರನ್ನು ಕೆಡಿಸಿದ್ದು ಅದೇ.

ಉಳಿಯುವ ಕಷ್ಟ ಪಂಚರದ್ದು. ಮೊದಲು ಬಂದದ್ದು ಯಾವುದು ಎಂದು ಹೇಳಲು ಕಣ್ಣಿದ್ದರೆ ಸಾಕು, ಚೆನ್ನಾಗಿ ತಿರುಗಿದ್ದು ಯಾವುದು ಎಂದು ಹೇಳಲು ನಾಯಿ ಬಲ್ಲವರು ಬೇಕು. ಅಂಥವರು ತಾಂಡಾಗಳಲ್ಲಿ, ಹಟ್ಟಿಗಳಲ್ಲಿ ಇದ್ದಾರೆ. ಬೇಟೆ ಬಿಟ್ಟು ಎಷ್ಟೋ ವರ್ಷ ಆಗಿದ್ದರೂ, ಮೊಲ ತಿರುಗುವ ಮೊದಲೇ ನಾಯಿಯ ಭುಜ ಯಾವ ಕಡೆ ಇಳಿಯಿತು ಎಂದು ಅವರ ಕಣ್ಣಿಗೆ ಕಾಣುತ್ತದೆ. ಮೂವರು ಹಿರಿಯರನ್ನು ಮೂರು ಬೇರೆ ಊರಿಂದ ಕರೆಸಿ, ಹೊಲದ ಎತ್ತರದ ಬದುವಿನ ಮೇಲೆ ದೂರ ದೂರ ಕೂರಿಸಿ, ಕೈಗೆ ಅಂಕದ ಚೀಟಿ ಕೊಡಿ. ಬರೆಯಲು ಬಾರದವರಿಗೆ ಪಕ್ಕದಲ್ಲಿ ಒಬ್ಬ ಶಾಲೆ ಹುಡುಗ ಇರಲಿ, ಅವರು ಹೇಳಿದ್ದನ್ನು ಅವನು ಬರೆದುಕೊಳ್ಳುತ್ತಾನೆ.